ಎರಡು ಮಿಂಚಿನ ನಡುವೆ

"ಅಲ್ಲಾಡಬೇಡಿ ಸಾರ್. ನಾನು ಹೇಳಿದಾಗ ಮಾತ್ರ ಎರಡು ಹೆಜ್ಜೆ ಬಲಕ್ಕೆ ಸರಿದು ನಿಂತ್ಕೊಳ್ಳಿ."

ಸ್ಟುಡಿಯೋದ ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲಿಗೆ ಪರದೆ ಎಳೆದು ದೀಪ ಆರಿಸಿದ ಮೇಲೆ ಇನ್‌ಸ್ಪೆಕ್ಟರಿಗೆ ತನ್ನ ಕೈಯೇ ಕಾಣಿಸಲಿಲ್ಲ. ಮಧ್ಯಾಹ್ನ ಎರಡೂವರೆ ಗಂಟೆಗೆ ಇಂಥ ಕತ್ತಲು ಸಿಕ್ಕಿದರೆ ನಿಂತಲ್ಲೇ ನಿದ್ದೆ ಹೋಗುವ ಸ್ಥಿತಿ ಅವನದು.

ಟಕ್ ಎಂದು ಕ್ಯಾಮೆರಾ ಬಾಯಿ ತೆರೆದ ಸದ್ದು. ಹಿಂದೆಯೇ ಕಣ್ಣು ಕುಕ್ಕುವ ಬೆಳಕು.

"ಈಗ ಸರೀರಿ."

ಅವನು ಸರಿದ. ಮಂಡಿ ಲಟಕ್ಕೆಂದಿತು. ಮತ್ತೊಮ್ಮೆ ಬೆಳಕು, ಮತ್ತೆ ಕತ್ತಲು. ಕ್ಯಾಮೆರಾ ಬಾಯಿ ಮುಚ್ಚಿತು. ಆಕೆ ದೀಪ ಹಾಕಿದಳು.

"ಆಯ್ತು. ಬಂದು ನೋಡಿ."

ಸೋಮವಾರ ಸಂಜೆಯ ಬಿರುಮಳೆಯಲ್ಲಿ ರಸ್ತೆಯಾಚೆಯ ಆರಂತಸ್ತಿನ ಕಟ್ಟಡದ ತಾರಸಿಯಿಂದ ಅಲ್ಲಿನ ಮೇಲ್ವಿಚಾರಕ ಬಿದ್ದು ಸತ್ತಿದ್ದ. ಬುಧವಾರ ಪತ್ರಿಕೆಯ ಮುಖಪುಟದಲ್ಲಿ ಈ ಸ್ಟುಡಿಯೋದವರು ತೆಗೆದ ಮಿಂಚಿನ ಫೋಟೋ ಬಂತು. ಫೋಟೋದಲ್ಲಿ ಅದೇ ತಾರಸಿ, ತಾರಸಿಯ ಮೇಲೆ ಇಬ್ಬರು. ಇಬ್ಬರೂ ಕಿತ್ತಳೆ ಬಣ್ಣದ ರೇನ್‌ಕೋಟು ತೊಟ್ಟು ತಲೆಗೆ ಟೋಪಿ ಎಳೆದುಕೊಂಡಿದ್ದರು. ಅಂಥ ಕೋಟು ಇದ್ದದ್ದು ಆ ಕಟ್ಟಡದ ಮೂವರಿಗೆ ಮಾತ್ರ. ಮೇಲ್ವಿಚಾರಕ ಸತ್ತಾಗ ತೊಟ್ಟದ್ದು ಅದನ್ನೇ. ಕಾವಲುಗಾರ ಕೆಳಗೆ ಆರು ಜನರ ಎದುರಿಗೆ ಕೂತಿದ್ದ. ಉಳಿದವನು ಲಿಫ್ಟ್ ಮೆಕ್ಯಾನಿಕ್. ಗುರುವಾರ ಅವನನ್ನು ಹಿಡಿದು ತಂದರು. ಇವತ್ತು ಶನಿವಾರ. ಎರಡು ದಿನದಿಂದ ಆ ಮನುಷ್ಯ ಲಾಕಪ್ಪಿನಲ್ಲಿ ತುಟಿ ಬಿಚ್ಚಿರಲಿಲ್ಲ.

ಫೋಟೋ ಈ ಹೆಂಗಸಿನದು. ಮೆಕ್ಯಾನಿಕ್ ಈಕೆಯ ಗಂಡ.

ಹದಿನಾರು ವರ್ಷದಿಂದ ಗುಡುಗಿದಾಗಲೆಲ್ಲ ಕ್ಯಾಮೆರಾ ಹಿಡಿದು ಸ್ಟುಡಿಯೋದ ತಾರಸಿ ಹತ್ತುತ್ತಿದ್ದುದರಿಂದ ಬೀದಿಯವರು ಈಕೆಯನ್ನು ಮಿಂಚಕ್ಕ ಎನ್ನುತ್ತಿದ್ದರು. ಇನ್‌ಸ್ಪೆಕ್ಟರಿಗೂ ಸ್ಟೇಷನ್ನಿನವರು ಇಟ್ಟ ಹೆಸರೊಂದಿತ್ತು: ನಿಧಾನಿ. ಬೇಯುವ ತನಕ ಕಾದವನು ಆರುವ ತನಕ ಕಾಯಲಾರೆನೇ ಎನ್ನುವ ಜಾತಿ. ಐದು ದಿನದಿಂದ ಮನೆಯ ಹಾಸಿಗೆ ಕಂಡಿರಲಿಲ್ಲ.

ಆಕೆ ಸ್ಟೂಲಿನ ಮೇಲೆ ನಿಂತುಕೊಂಡು ಕ್ಯಾಮೆರಾದ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. ಫೋಟೋದಲ್ಲಿ ಇಬ್ಬರು ನಿಧಾನಿಗಳು ಒಬ್ಬರ ಪಕ್ಕ ಒಬ್ಬರು ನಿಂತಿದ್ದರು. ಇಬ್ಬರ ಮುಖದಲ್ಲೂ ಒಂದೇ ಸುಸ್ತು.

"ನೋಡಿದ್ರಲ್ಲ? ಮಿಂಚು ಯಾವಾಗ ಬರುತ್ತೆ ಅಂತ ಯಾರಿಗೂ ಹೇಳಕ್ಕಾಗಲ್ಲ. ಅದಕ್ಕೇ ಕ್ಯಾಮೆರಾನ ಇಪ್ಪತ್ತು ಸೆಕೆಂಡು ತೆರೆದಿಟ್ಟು ಕಾಯ್ತೀವಿ. ಆ ಇಪ್ಪತ್ತು ಸೆಕೆಂಡಲ್ಲಿ ಎರಡು ಸಲ ಮಿಂಚಿದ್ರೆ, ನಡುವೆ ಜಾಗ ಬದಲಾಯಿಸಿದ ಮನುಷ್ಯ ಎರಡು ಕಡೆ ಬೀಳ್ತಾನೆ. ಆವತ್ತು ಕರೆಂಟೂ ಹೋಗಿತ್ತು. ಅಲ್ಲಿ ಇದ್ದದ್ದು ಇಬ್ಬರಲ್ಲ ಸಾರ್. ಸತ್ತೋರೊಬ್ಬರೇ."

"ಹಾಗಾದ್ರೆ ತಾವೇ ಜಾರಿ ಬಿದ್ರು ಅಂತೀರಿ."

"ನಾನು ಫೋಟೋ ವಿಷಯ ಹೇಳಿದೆ. ಮಿಕ್ಕಿದ್ದು ನಿಮ್ಮ ಕೆಲಸ."

ಸೌಮ್ಯವಾಗಿಯೇ ಹೇಳಿದಳು. ಜಗಳವಾಡುವ ಶಕ್ತಿ ಇಬ್ಬರಲ್ಲೂ ಉಳಿದಿರಲಿಲ್ಲ.

ಮುಂದಿನ ಬಾಗಿಲ ಗಂಟೆ ಕಿಣಿಗುಟ್ಟಿತು. ಯಾರೋ ಕೆಮ್ಮಿದರು.

"ಗಿರಾಕಿ. ಐದು ನಿಮಿಷ ಸಾರ್," ಎಂದು ಆಕೆ ಪರದೆ ಸರಿಸಿಕೊಂಡು ಹೋದಳು.

ನಿಧಾನಿ ಸ್ಟೂಲಿನ ಮೇಲೆ ಕುಳಿತು ಬೂಟಿನ ದಾರ ಸಡಿಲಿಸಿದ. ಕಾಲು ಊದಿತ್ತು. ಹೊರಗಿನ ಮಾತು ಕೇಳಿಸುತ್ತಿತ್ತು.

"ಹೋದ ಸಲ ತೆಗೆದಿದ್ದರಲ್ಲಿ ಕಳ್ಳನ ಥರ ಬಂದಿದೀನಮ್ಮ. ಈ ಸಲವಾದ್ರೂ ಮನುಷ್ಯನ ಥರ ಬರಲಿ," ಎನ್ನುತ್ತಿತ್ತು ಒಂದು ಮುದಿ ದನಿ.

"ಗದ್ದ ಸ್ವಲ್ಪ ಕೆಳಗೆ. ನಗಬಾರದು ತಾತ, ನಕ್ಕಿದ್ರೆ ಕಚೇರಿಯೋರು ವಾಪಸ್ ಕಳಿಸ್ತಾರೆ."

"ನಗು ಎಲ್ಲಿಂದ ಬರುತ್ತೆ ಬಿಡು. ನಿನ್ನ ಯಜಮಾನ್ರ ವಿಷಯ ಕೇಳ್ದೆ. ಆ ಫೋಟೋನ ಪತ್ರಿಕೆಗೆ ಕೊಡದೇ ಇದ್ದಿದ್ರೆ ಆಗ್ತಿತ್ತು."

"ಮಿಂಚಿ ಹೋದ ಕಾಲ ತಾತ. ಕಣ್ಣು ಅಗಲ ಬಿಡಿ."

ನಿಧಾನಿ ಮೇಜಿನ ಮೇಲಿದ್ದ ದೊಡ್ಡ ಪ್ರತಿಯನ್ನು ಎಳೆದುಕೊಂಡ. ಪತ್ರಿಕೆಯ ಚಿತ್ರ ಸಂಪಾದಕ ಸ್ಟೇಷನ್ನಿಗೆ ಕಳಿಸಿಕೊಟ್ಟದ್ದು. ನಮಗೆ ಬಂದದ್ದು ಇದೊಂದೇ ಫೋಟೋ ಎಂದು ಆತ ಫೋನಿನಲ್ಲೇ ಹೇಳಿಕೆ ಕೊಟ್ಟಿದ್ದ.

ಎರಡು ಮಿಂಚು. ಒಂದು ಆಕಾಶದ ಎಡಕ್ಕೆ ಬೇರು ಬಿಟ್ಟ ಹಾಗೆ ಹರಡಿತ್ತು, ಇನ್ನೊಂದು ನೆಟ್ಟಗೆ ಇಳಿದಿತ್ತು. ಕೆಳಗೆ ತಾರಸಿ, ಲಿಫ್ಟಿನ ಯಂತ್ರದ ಕೋಣೆ, ಅಂಚಿಗೆ ಕಬ್ಬಿಣದ ಸರಳುಗಳ ಕಟಾಂಜನ. ಅದರ ಮುಂದೆ ಎಡಕ್ಕೊಬ್ಬ, ಬಲಕ್ಕೊಬ್ಬ. ಬುಧವಾರದಿಂದ ಇದನ್ನು ಎಷ್ಟು ಸಲ ನೋಡಿದ್ದನೋ.

ಆದರೆ ತನ್ನದೇ ಫೋಟೋ ನೋಡಿದ್ದು ಈಗ ಮಾತ್ರ. ಎದ್ದು ಕ್ಯಾಮೆರಾದ ಪರದೆಯನ್ನು ಮತ್ತೆ ನೋಡಿದ. ಅವನ ಬೆನ್ನ ಹಿಂದೆ ಪಟ್ಟೆಪಟ್ಟೆಯ ಬಟ್ಟೆ ತೂಗುಬಿಟ್ಟಿತ್ತು. ಆ ಪಟ್ಟೆ ಅವನ ಹೊಟ್ಟೆಯ ಮೂಲಕವೂ ಕಾಣುತ್ತಿತ್ತು. ಎಡಗಡೆಯ ನಿಧಾನಿಯಲ್ಲೂ, ಬಲಗಡೆಯ ನಿಧಾನಿಯಲ್ಲೂ. ಇಬ್ಬರೂ ತೆಳು ಬಟ್ಟೆಯ ಹಾಗೆ ಪಾರದರ್ಶಕ.

ಸಹಜವೇ. ಒಂದು ಬೆಳಕಿಗೆ ಅಲ್ಲಿ ಅವನಿದ್ದ. ಇನ್ನೊಂದು ಬೆಳಕಿಗೆ ಅದೇ ಜಾಗದಲ್ಲಿ ಬರೀ ಬಟ್ಟೆ ಇತ್ತು. ಕ್ಯಾಮೆರಾ ಎರಡನ್ನೂ ಒಂದರ ಮೇಲೊಂದು ಬರೆದುಕೊಂಡಿತ್ತು.

ಅವನು ಭೂತಗನ್ನಡಿ ತೆಗೆದು ದೊಡ್ಡ ಪ್ರತಿಯ ಮೇಲೆ ಬಗ್ಗಿದ.

ಎಡಗಡೆಯ ವ್ಯಕ್ತಿಯ ಎದೆಯ ಮೂಲಕ ಕಟಾಂಜನದ ಸರಳುಗಳು ಕಂಡವು. ಒಂದು, ಎರಡು, ಮೂರು. ಬಲಗಡೆಯವನ ಮೂಲಕ ಒಂದೂ ಕಾಣಲಿಲ್ಲ. ಅವನು ಗೋಡೆಯಷ್ಟು ಗಟ್ಟಿಯಾಗಿ ನಿಂತಿದ್ದ.

ನಿಧಾನಿ ಇನ್ನೊಮ್ಮೆ ಎಣಿಸಿದ.

ತಾತ ಹೋದ. ಗಂಟೆ ಕಿಣಿಗುಟ್ಟಿತು. ಮಿಂಚಕ್ಕ ಒಳಗೆ ಬಂದು ಅವನ ಕೈಯಲ್ಲಿದ್ದ ಭೂತಗನ್ನಡಿ ನೋಡಿದಳು. ನಿಂತುಬಿಟ್ಟಳು.

"ಹದಿನಾರು ವರ್ಷದ ಅನುಭವ ನಿಮ್ಮದು. ನನಗೆ ಕಂಡಿದ್ದು ನಿಮಗೆ ಕಾಣಲಿಲ್ಲ ಅಂದ್ರೆ ನಂಬಲ್ಲಮ್ಮ," ಎಂದ.

ಆಕೆ ಬಾಗಿಲ ಪರದೆಯನ್ನು ಎಳೆದು ಮುಚ್ಚಿದಳು.

"ಒಬ್ಬನೇ ಮನುಷ್ಯ ಎರಡು ಕಡೆ ಬಿದ್ದಿದ್ರೆ ಎರಡೂ ತೆಳ್ಳಗೆ ಬರಬೇಕು. ಇಲ್ಲಿ ಒಂದು ತೆಳ್ಳಗಿದೆ, ಒಂದು ಗಟ್ಟಿ ಇದೆ. ಬಲಗಡೆಯೋನು ಎರಡು ಮಿಂಚಿಗೂ ಅಲ್ಲೇ ಇದ್ದ, ಕದಲಿಲ್ಲ. ಎಡಗಡೆ ಇದ್ದೋರು ಒಂದು ಮಿಂಚಿಗೆ ಮಾತ್ರ ಇದ್ರು. ಇನ್ನೊಂದಕ್ಕೆ ಇರಲಿಲ್ಲ. ಇದ್ದದ್ದು ಇಬ್ಬರೇ."

"ಸಾರ್..."

"ಇನ್ನೊಂದು. ಆ ಕೋಟು ಮೂರೂ ಒಂದೇ ಅಳತೆ. ಬಲಗಡೆಯೋನಿಗೆ ಮಂಡಿ ಹತ್ರ ನಿಂತಿದೆ. ಎಡಗಡೆಯೋರಿಗೆ ಪಾದದ ತನಕ ಬಂದಿದೆ. ನಿಮ್ಮ ಯಜಮಾನ್ರು ಆರಡಿ ಆಳು. ಲಾಕಪ್ಪಿನ ಬಾಗಿಲಿಗೆ ತಲೆ ಹೊಡ್ಕೊಂಡ್ರು ಪಾಪ."

ಮಿಂಚಕ್ಕ ಗೋಡೆಗೆ ಒರಗಿದಳು. ಆಕೆ ಐದಡಿಯೂ ಇರಲಿಲ್ಲ.

ನಿಧಾನಿ ಕ್ಯಾಮೆರಾ ನಿಲ್ಲಿಸಿದ ಮೂರುಕಾಲಿನ ಸ್ಟ್ಯಾಂಡಿನ ತಿರುಪಿಗೆ ಕೈ ಹಾಕಿದ. ಅದು ಜಪ್ಪಯ್ಯ ಅಂದರೂ ತಿರುಗಲಿಲ್ಲ.

"ಇದು ಆವತ್ತಿನದೇ ಸ್ಟ್ಯಾಂಡಾ?"

"ಮಳೆಯಲ್ಲಿ ನೆಂದು ತಿರುಪು ಕಚ್ಕೊಂಡಿದೆ. ಬಿಚ್ಚಕ್ಕಾಗಿಲ್ಲ."

"ಅಂದ್ರೆ ಆವತ್ತು ಇಟ್ಟ ಎತ್ತರದಲ್ಲೇ ಇದೆ. ಈಗ ನೀವು ಇದರೊಳಗೆ ನೋಡಕ್ಕೆ ಸ್ಟೂಲು ಹತ್ತಿದ್ರಿ. ಆವತ್ತು ಆ ಗಾಳಿ ಮಳೆಯಲ್ಲಿ ನಿಮ್ಮ ತಾರಸಿ ಮೇಲೂ ಸ್ಟೂಲು ಹಾಕ್ಕೊಂಡಿದ್ರಾ?"

ಆಕೆ ತಲೆಯಾಡಿಸಿದಳು. ಇಲ್ಲ.

"ಫೋಟೋ ತೆಗೆದಿದ್ದು ಯಾರಮ್ಮ?"

"ಅವರು," ಎಂದಳು ಮಿಂಚಕ್ಕ. "ನಮ್ಮೋರು."

ಹೇಳಿದ ಮೇಲೆ ನೆಲದ ಮೇಲೆ ಕುಳಿತಳು. ಅವನು ಸ್ಟೂಲು ಮುಂದೆ ತಳ್ಳಿದ, ಆಕೆ ಬೇಡವೆಂದಳು.

"ಆವತ್ತು ಮಿಂಚು ಹುಚ್ಚು ಹಿಡಿದ ಹಾಗೆ ಬರ್ತಿತ್ತು. ವರ್ಷಕ್ಕೊಂದು ಸಲ ಸಿಕ್ಕಿದ್ರೆ ಪುಣ್ಯ. ಆದ್ರೆ ನನ್ನ ಮನಸ್ಸು ಅದರಲ್ಲಿ ಇರಲಿಲ್ಲ. ಹಿಂದಿನ ವಾರ ಆ ಕಟ್ಟಡದಲ್ಲಿ ಲಿಫ್ಟು ಎರಡಂತಸ್ತು ಜಾರಿ, ಕಸ ಗುಡಿಸೋ ಹೆಂಗಸಿನ ಕಾಲು ಮುರಿದಿತ್ತಲ್ಲ. ಹಗ್ಗ ಸವೆದಿದೆ ಅಂತ ನಮ್ಮೋರು ಮೂರು ಸಲ ಹೇಳಿದ್ರು. ಬಾಯಲ್ಲಿ ಹೇಳಿದ್ದು, ಕಾಗದ ಇಲ್ಲ. ತಪ್ಪೆಲ್ಲ ಇವರ ತಲೆಗೇ ಬಂತು. ಲೈಸೆನ್ಸು ಕಿತ್ಕೊಳ್ತೀವಿ ಅಂದ್ರು. ಇಪ್ಪತ್ತೆರಡು ವರ್ಷ ಒಂದು ಬೋಲ್ಟು ಸಡಿಲ ಬಿಟ್ಟೋರಲ್ಲ ಸಾರ್ ನಮ್ಮೋರು."

"ನೀವು ಕೇಳಕ್ಕೆ ಹೋದ್ರಿ."

"ಇವರಿಗೆ ಕೇಳೋ ಬಾಯಿಲ್ಲ. ಕರೆಂಟು ಹೋಯ್ತು, ಲಿಫ್ಟು ನಿಂತಿರುತ್ತೆ, ಮೇಲ್ವಿಚಾರಕರು ಯಂತ್ರದ ಕೋಣೆ ನೋಡಕ್ಕೆ ಮೇಲೆ ಬಂದೇ ಬರ್ತಾರೆ ಅಂತ ಗೊತ್ತಿತ್ತು. ಕ್ಯಾಮೆರಾ ಇವರ ಕೈಗೆ ಕೊಟ್ಟೆ, ಇವರ ಕೋಟು ನಾನು ಹಾಕ್ಕೊಂಡು ಹೋದೆ. ಆ ಕೋಟು ನೋಡಿ ಕಾವಲುಗಾರನೂ ತಲೆ ಎತ್ತಲಿಲ್ಲ."

"ಅವರು ಏನಂದ್ರು?"

"ಒಳ್ಳೆ ಮಾತೇ ಅಂದ್ರು. ಅದೇ ನನಗೆ ಸಂಕಟ. 'ಹೌದಮ್ಮ, ಅವನು ಹೇಳಿದ್ದ, ನಾನೂ ಮೇಲಿನೋರಿಗೆ ಹೇಳಿದ್ದೆ, ನನ್ನ ಮಾತೂ ನಡೀಲಿಲ್ಲ. ನಾಳೆ ಬಾ, ಬರೆದುಕೊಡ್ತೀನಿ' ಅಂದ್ರು. ಅಷ್ಟರಲ್ಲಿ ತಲೆ ಮೇಲೇ ಮಿಂಚಿತು. ಇಷ್ಟು ವರ್ಷ ಮಿಂಚಿಗೆ ಕಾದೋಳು ನಾನು. ಅಷ್ಟು ಹತ್ತಿರ ಬಂದಾಗ ಜೀವ ಹಾರಿಹೋಯ್ತು. ಬರ್ತೀನಿ ಅಂತಾನೂ ಹೇಳದೆ ಮೆಟ್ಟಿಲ ಕಡೆ ಓಡಿದೆ. ಅವರು ಅಲ್ಲೇ ನಿಂತಿದ್ರು."

ನಿಧಾನಿ ಫೋಟೋದ ಮೇಲೆ ಬೆರಳಿಟ್ಟ. ಗಟ್ಟಿಯಾಗಿ ನಿಂತ ಮನುಷ್ಯ. ಮೊದಲ ಮಿಂಚಿಗೆ ಮಾತಾಡುತ್ತಿದ್ದ, ಎರಡನೆಯ ಮಿಂಚಿಗೆ ಒಬ್ಬನೇ ಉಳಿದಿದ್ದ. ಜೀವಂತವಾಗಿ.

"ನೀವು ಹೋದ ಮೇಲೂ ಅವರು ಬದುಕಿದ್ರು ಅನ್ನೋದಕ್ಕೆ ಈ ಫೋಟೋನೇ ಸಾಕ್ಷಿ. ಇದನ್ನ ಮೊದಲನೇ ದಿನವೇ ಯಾಕೆ ಹೇಳಲಿಲ್ಲ?"

"ಯಾರು ನಂಬ್ತಿದ್ರು? ತಾರಸಿ ಮೇಲೆ ಕೊನೆಗೆ ಇದ್ದೋಳು ನಾನು, ಜಗಳ ನಮ್ಮದು. ಇವರನ್ನ ಕರ್ಕೊಂಡು ಹೋಗುವಾಗ ಕಿವಿಯಲ್ಲಿ ಹೇಳಿದ್ರು, 'ನೀನು ಬಾಯಿ ಬಿಡಬೇಡ, ನಾನೇನೂ ಮಾಡಿಲ್ಲ, ತಾವಾಗೇ ಬಿಡ್ತಾರೆ' ಅಂತ. ಇವರು ಕ್ಯಾಮೆರಾ ಹತ್ರ ಇದ್ದೆ ಅಂದ್ರೆ, ಮತ್ತೆ ಆ ಕೋಟಿನಲ್ಲಿ ಇದ್ದದ್ದು ಯಾರು ಅಂತ ಕೇಳ್ತೀರಲ್ಲ. ಅದಕ್ಕೇ ಸುಮ್ಮನಿದಾರೆ."

ಸತ್ಯ ಹೀಗೆ ದಣಿದ ದನಿಯಲ್ಲಿ ಬಂದಾಗ ಅವನು ಸಾಮಾನ್ಯವಾಗಿ ನಂಬುತ್ತಿದ್ದ. ಸುಳ್ಳಿಗೆ ಇನ್ನಷ್ಟು ಲವಲವಿಕೆ ಬೇಕು.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಸ್ಟೇಷನ್ನಿನಿಂದ ಸಬ್ ಇನ್‌ಸ್ಪೆಕ್ಟರ್. ಹೊಸ ಹುಡುಗ, ದನಿಯಲ್ಲಿ ಗೆಲುವು ತುಳುಕುತ್ತಿತ್ತು.

"ಸಾರ್, ಮೆಕ್ಯಾನಿಕ್ ಒಪ್ಕೊಂಡ. ಬರೆದು ಸಹಿ ಹಾಕಿದಾನೆ."

"ಏನಂತ?"

"ತಳ್ಳಿದ್ದಲ್ವಂತೆ ಸಾರ್. ಮೊದಲು ತಲೆಗೆ ಹೊಡೆದನಂತೆ. ಕರೆಂಟು ಹೋದಾಗ ಲಿಫ್ಟಿನ ಬ್ರೇಕು ಬಿಡಿಸಕ್ಕೆ ಒಂದು ಕಬ್ಬಿಣದ ಹಿಡಿಕೆ ಇಟ್ಟಿರ್ತಾರಲ್ಲ, ಅದರಲ್ಲಿ. ಆಮೇಲೆ ಅದನ್ನ ತಾರಸಿಯ ನೀರಿನ ಟ್ಯಾಂಕಿಗೆ ಹಾಕಿದೆ ಅಂದ. ನಾವು ಹೋಗಿ ಟ್ಯಾಂಕು ಖಾಲಿ ಮಾಡಿಸಿದ್ವಿ. ತಳದಲ್ಲೇ ಇತ್ತು. ಸಾಹೇಬರು ನಾಲ್ಕು ಗಂಟೆಗೆ ಕೋರ್ಟಿಗೆ ಹಾಜರು ಮಾಡು ಅಂದಿದಾರೆ. ಒಳ್ಳೆ ಮುಕ್ತಾಯ ಅಲ್ವಾ ಸಾರ್?"

ನಿಧಾನಿ ಗಡಿಯಾರ ನೋಡಿದ. ಮೂರು ಹತ್ತು.

"ಇರು, ನಾನೇ ಫೋನ್ ಮಾಡ್ತೀನಿ."

ಮಿಂಚಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅವರಿಗೆ ಹೇಗೆ ಗೊತ್ತು ಸಾರ್? ಅವರು ಇಲ್ಲಿ, ನಮ್ಮ ತಾರಸಿ ಮೇಲಿದ್ರು. ನಾನು ವಾಪಸ್ ಬಂದಾಗ ಕ್ಯಾಮೆರಾಕ್ಕೆ ಕೊಡೆ ಹಿಡ್ಕೊಂಡು ತಾವು ನೆಂದು ತೊಪ್ಪೆಯಾಗಿದ್ರು. ಆ ಹಿಡಿಕೆ ವಿಷಯ ನನಗೇ ಗೊತ್ತಿಲ್ಲ."

ನಿಧಾನಿಗೂ ಅದೇ ಪ್ರಶ್ನೆ. ತಲೆಯ ಗಾಯ ಬಿದ್ದಾಗ ಆದದ್ದೆಂದು ಆಸ್ಪತ್ರೆಯ ವರದಿ ಹೇಳಿತ್ತು. ಹೊಡೆದ ವಸ್ತುವೊಂದು ಇದೆಯೆಂದು ಪೊಲೀಸರಿಗೇ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ, ಹೊಡೆದವನು. ಆ ಮಾತು ಅವನ ಬಾಯಿಂದ ಮೆಕ್ಯಾನಿಕ್‌ನ ಕಿವಿಗೆ ಹೇಗೆ ಬಂತು?

"ಆವತ್ತು ಒಟ್ಟು ಎಷ್ಟು ಫೋಟೋ ತೆಗೆದ್ರು?"

"ಒಂದಾದ ಮೇಲೊಂದು ತೆಗೀತಾನೇ ಇರ್ತೀವಿ. ನೂರರ ಮೇಲೆ ಇರಬೇಕು."

"ನೂರು? ಪತ್ರಿಕೆಗೆ ಕಳಿಸಿದ್ದು ಒಂದೇ ಅಲ್ವಾ?"

"ನಾವು ಒಂದನ್ನ ಆರಿಸಿ ಕಳಿಸೋದೇ ಇಲ್ಲ ಸಾರ್. ಯಾವತ್ತೂ ಕ್ಯಾಮೆರಾದ ಕಾರ್ಡನ್ನೇ ಕೊಟ್ಟುಬಿಡ್ತೀವಿ. ಆವತ್ತೂ ನಮ್ಮೋರು ತಲೆ ಒರೆಸಿಕೊಂಡು, ಎಂಟು ಗಂಟೆಗೆ ಹೋಗಿ ಚಿತ್ರ ಸಂಪಾದಕರ ಕೈಗೇ ಕೊಟ್ಟು ಬಂದ್ರು. ಆರಿಸೋದು ಅವರು. ಕಾರ್ಡು ವಾಪಸ್ ಕೇಳಿದ್ರೆ ನೀರು ಹೋಗಿ ಕೆಟ್ಟಿತ್ತು, ಬಿಸಾಕಿದೆ ಅಂದ್ರು."

ನಮಗೆ ಬಂದದ್ದು ಇದೊಂದೇ. ಆ ಹೇಳಿಕೆಯನ್ನು ಪೇದೆಯೊಬ್ಬ ಫೋನಿನಲ್ಲಿ ಬರೆದುಕೊಂಡಿದ್ದ. ಹೋಗಿ ಮುಖ ನೋಡಿ ಬರೋಣವೆಂದು ಯಾರಿಗೂ ಅನಿಸಿರಲಿಲ್ಲ. ನಿಧಾನಿಗೂ ಅನಿಸಿರಲಿಲ್ಲ. ಕಾಲು ನೋವೆಂಬುದು ನೆಪ, ಅಷ್ಟೆ.

ನೂರು ಫೋಟೋ ಇದ್ದವನು ಇದೊಂದನ್ನೇ ಏಕೆ ಆರಿಸಿದ? ಕಿತ್ತಳೆ ಕೋಟಿನ ಎರಡನೇ ವ್ಯಕ್ತಿ ಇದ್ದದ್ದಕ್ಕೆ. ಅದರ ನಂತರದ ಫೋಟೋಗಳಲ್ಲಿ ಬೇರೆ ಯಾರೋ ಇದ್ದದ್ದಕ್ಕೆ.

"ಆ ಸಂಪಾದಕ ಯಾರು? ನಿಮಗೆ ಚೆನ್ನಾಗಿ ಗೊತ್ತಾ?"

"ಹತ್ತು ವರ್ಷದಿಂದ. ನನ್ನ ಫೋಟೋ ಮೊದಲು ಹಾಕಿದ್ದೇ ಅವರು. ಅಣ್ಣ ಅಂತೀನಿ." ಆಕೆ ಅವನನ್ನು ಬೆಪ್ಪಾಗಿ ನೋಡಿದಳು. "ಸತ್ತೋರ ಭಾವ ಅಲ್ವಾ ಸಾರ್ ಅವರು? ಅಕ್ಕನ ಗಂಡ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೆಣ ಗುರುತಿಸಲು ಬಂದದ್ದು ಅಕ್ಕ ಒಬ್ಬಳೇ. ಯಜಮಾನರು ಹೊರಗಿದ್ದಾರೆ, ಅವರಿಗೆ ಇದನ್ನೆಲ್ಲ ನೋಡಲಾಗದು ಎಂದಿದ್ದಳು. ನಿಧಾನಿ ಕಿಟಕಿಯಿಂದ ಇಣುಕಿದ್ದ. ಕಾರಿನ ಕಿಟಕಿಯ ಮೇಲೆ ಒಂದು ಮೊಣಕೈ ಇತ್ತು. ಅದು ಅಳುವವನ ಮೊಣಕೈಯ ಹಾಗೆ ಕಂಡಿರಲಿಲ್ಲ. ಆದರೂ ಅವನು ಕಿಟಕಿಯಿಂದ ಸರಿದು ಬಂದಿದ್ದ.

ಫೋನು ಎತ್ತಿಕೊಂಡ.

"ಎರಡು ದಿನ ಬಾಯಿ ಬಿಡದೋನು ಇವತ್ತು ಯಾಕೆ ಬಿಟ್ಟ? ಯಾರಾದ್ರೂ ಬಂದಿದ್ರಾ?"

ಸಬ್ ಇನ್‌ಸ್ಪೆಕ್ಟರನ ಗೆಲುವು ಕೊಂಚ ಇಳಿಯಿತು. "ಬೆಳಿಗ್ಗೆ ಸತ್ತೋರ ಸಂಬಂಧಿಕರೊಬ್ಬರು ಬಂದಿದ್ರು ಸಾರ್. ಪತ್ರಿಕೆಯೋರು. ದೊಡ್ಡ ಮನುಷ್ಯರು. 'ಅವನ ಮುಖ ಒಂದು ಸಲ ನೋಡಬೇಕು, ಯಾಕೆ ಹೀಗೆ ಮಾಡಿದೆ ಅಂತ ಕೇಳಬೇಕು' ಅಂದ್ರು. ಹತ್ತು ನಿಮಿಷ ಬಿಟ್ಟೆ."

"ನೀನು ಪಕ್ಕದಲ್ಲಿದ್ಯಾ?"

"ಇಲ್ಲ ಸಾರ್. ಅವರ ಕೈಯಲ್ಲಿ ಒಂದು ಫೋಟೋ ಇತ್ತು, ಅವನಿಗೆ ತೋರಿಸ್ತಿದ್ರು. ಅವರು ಹೋದ ಮೇಲೆ ಇವನು ಪೇಪರು ಪೆನ್ನು ಕೇಳಿದ."

ನಿಧಾನಿ ಕಣ್ಣು ಮುಚ್ಚಿಕೊಂಡ. ಹೆಂಡತಿಯ ಮುಖ ಕಾಣುವ ಒಂದು ಫೋಟೋ ತೋರಿಸಿದರೆ ಸಾಕಿತ್ತು. ನೀನು ಒಪ್ಪಿಕೋ, ಇದನ್ನು ಸುಟ್ಟುಬಿಡುತ್ತೇನೆ. ಹಿಡಿಕೆ ಟ್ಯಾಂಕಿನಲ್ಲಿದೆ ಎಂದು ಹೇಳು, ನಂಬುತ್ತಾರೆ ಎಂದಿರಬೇಕು ಆ ಸಂಪಾದಕ. ಹೆಂಡತಿಗಾಗಿ ಎರಡು ದಿನ ಸುಮ್ಮನಿದ್ದವನು ಅದೇ ಹೆಂಡತಿಗಾಗಿ ಮಾತಾಡಿದ್ದ.

"ಅವನನ್ನ ಸ್ಟೇಷನ್ ದಾಟಿಸಬೇಡ. ಗಾಡಿ ಕೆಟ್ಟಿದೆ ಅನ್ನು, ಏನಾದ್ರೂ ಅನ್ನು. ಆ ಪತ್ರಿಕೆಯೋರು ಈಗ ಎಲ್ಲಿದಾರೆ?"

"ಗೊತ್ತಿಲ್ಲ ಸಾರ್. ಅವನು ಸಹಿ ಹಾಕಿದ್ನಾ ಅಂತ ಈಗ ಅರ್ಧ ಗಂಟೆ ಹಿಂದೆ ಫೋನ್ ಮಾಡಿದ್ರು. ಹಾಕಿದ ಅಂದೆ. 'ಪಾಪ, ಅವನ ಹೆಂಡತಿಗೆ ಯಾರೂ ಇಲ್ಲ, ಹೋಗಿ ಒಂದು ಮಾತು ಹೇಳಿ ಬರ್ತೀನಿ' ಅಂದ್ರು."

ಕಾರ್ಡು ಪೂರ್ತಿ ಆ ಸಂಪಾದಕನ ಕೈ ಸೇರಿದ್ದು ಗೊತ್ತಿದ್ದವರಲ್ಲಿ, ಲಾಕಪ್ಪಿನ ಹೊರಗೆ ಉಳಿದವಳು ಈಕೆ ಒಬ್ಬಳೇ. ನಿಧಾನಿಯ ಜೀಪು ಬೇರೆ ಕೆಲಸಕ್ಕೆ ಹೋಗಿತ್ತು. ಅವನು ಇಲ್ಲಿಗೆ ನಡೆದೇ ಬಂದಿದ್ದ. ಹೊರಗೆ ಪೊಲೀಸರ ಸುಳಿವೇನೂ ಇರಲಿಲ್ಲ. ಒಳಗೆ ದಾರ ಬಿಚ್ಚಿದ ಬೂಟು, ಊದಿದ ಕಾಲು, ಬರಿಗೈ.

ಮುಂದಿನ ಬಾಗಿಲು ತೆರೆದುಕೊಂಡ ಸದ್ದಾಯಿತು. ನಿಧಾನವಾದ ಹೆಜ್ಜೆ. ಆಮೇಲೆ ಒಳಗಿನಿಂದ ಚಿಲಕ ಹಾಕಿದ ಸದ್ದು.

"ತಂಗೀ," ಎಂದಿತು ಮೆತ್ತಗಿನ ದನಿ. "ಒಬ್ಬಳೇ ಇದೀಯೇನಮ್ಮ?"

ಮಿಂಚಕ್ಕ ನೆಲದಿಂದ ಎದ್ದಳು. ನಿಧಾನಿಯನ್ನು ಒಮ್ಮೆ ನೋಡಿ, ಕೇಳಿಸಿಕೊಳ್ಳಿ ಎಂಬಂತೆ ಕಿವಿ ಮುಟ್ಟಿ ತೋರಿಸಿದಳು. ಕೈ ಎತ್ತಿ ಗೋಡೆಯ ಮೇಲಿನ ದೀಪ ಆರಿಸಿದಳು.

"ಹೌದಣ್ಣ. ಒಬ್ಬಳೇ ಇದೀನಿ," ಎಂದು ಪರದೆಯಾಚೆಗೆ ಹೋಗಿ, ತನ್ನ ಬೆನ್ನ ಹಿಂದೆ ಅದನ್ನು ಪೂರ್ತಿಯಾಗಿ ಎಳೆದಳು.